ಬೀರಮ್ಮ ಕೊಟ್ಟ ಹೊಲ

ಹಾರೆ ಎರಡನೇ ಸಲ ನೆಲಕ್ಕೆ ಬೀಳುವಷ್ಟರಲ್ಲಿ ಹುಚ್ಚಯ್ಯ ಓಡಿಬಂದು ಅದನ್ನು ಹಿಡಿದುಕೊಂಡ.

“ಇಲ್ಲಿ ಗುಂಡಿ ತೋಡಂಗಿಲ್ಲ ಕಣ್ರಲಾ. ಇದು ಯೂನಿವರ್ಸಿಟಿ ಹೊಲ. ಮೈಸೂರಿಂದ ಅಪ್ಪಣೆ ಬರ್ಬೇಕು.”

ಅಗೆಯುತ್ತಿದ್ದ ನೆಂಟರಿಬ್ಬರು ಹಿಂದೆ ಸರಿದರು. ಬದುವಿನ ಮೇಲೆ ಚಟ್ಟ ಇಳಿಸಿದ್ದರು. ಪಕ್ಕದಲ್ಲಿ ಕೂತಿದ್ದ ಸೋಮಮ್ಮ ಚಿಕ್ಕಪ್ಪ ಹುಚ್ಚಯ್ಯನ ಮುಖವನ್ನೇ ನೋಡಿದಳು. ಚಟ್ಟದ ಮೇಲಿದ್ದವಳು ಅವಳ ಅವ್ವ ಬೀರಮ್ಮ. ಹಾರನಹಳ್ಳಿಯ ಅವರ ಕುಲದಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು ವಾಡಿಕೆ. ಸೋಮಮ್ಮನ ಅಪ್ಪನೂ ಇದೇ ಮೂಲೆಯಲ್ಲಿ ಮಲಗಿದ್ದ. ಆದರೆ ಬೀರಮ್ಮ ಈ ಹೊಲವನ್ನು ಮೈಸೂರಿನ ವಿಶ್ವವಿದ್ಯಾನಿಲಯಕ್ಕೆ ಎಂದೋ ದಾನ ಕೊಟ್ಟುಬಿಟ್ಟಿದ್ದಳು. ಬೆಳೆದ ರಾಗಿ ಹುಡುಗರ ಹಾಸ್ಟೆಲ್ಲಿಗೆ ಹೋಗುತ್ತಿತ್ತು. ಗುತ್ತಿಗೆಗೆ ಉಳುತ್ತಿದ್ದವನು ಈ ಹುಚ್ಚಯ್ಯನೇ.

“ಕೆರೆ ಅಂಗಳಕ್ಕೆ ಒತ್ಕಂಡ್ ಓಗಿ. ಸರ್ಕಾರದ ಸೊತ್ತು ಕಣವ್ವ, ನಾನೇನ್ ಮಾಡ್ಲಿ?”

ಅಣ್ಣ ಸತ್ತಾಗ ಹೊಲ ತನಗೇ ಬಂತೆಂದು ಬಾಯಿಬಿಟ್ಟುಕೊಂಡು ಕಾದಿದ್ದ ಮಹಾನುಭಾವ ಇವನು. ಇವತ್ತು ಸರ್ಕಾರದ ಮೇಲೆ ಎಲ್ಲಿಲ್ಲದ ಪ್ರೀತಿ.

*

ಆಗಿನ್ನೂ ವಿಶ್ವವಿದ್ಯಾನಿಲಯ ಶುರುವಾದ ಹೊಸತು. ಅಮಲ್ದಾರರು ಪಟೇಲರ ಜಗಲಿಯ ಮೇಲೆ ಕೂತು ಅದಕ್ಕೆಂದು ಚಂದಾ ಕೇಳಿದರು. ಊರಿನ ಕುಳಗಳೆಲ್ಲ ಎಲೆಯಡಿಕೆ ಅಗಿಯುತ್ತ ಸೂರು ನೋಡಿದರು. ಕಂಬದ ಮರೆಯಿಂದ ಬೀರಮ್ಮ ಮುಂದೆ ಬಂದಳು.

“ನನ್ನ ಕೆಮ್ಮಣ್ಣು ಒಲ ಬರ್ಕಳಿ ಬುದ್ಧಿ.”

ಅಮಲ್ದಾರರಿಗೆ ನಗು ಬಂತು. “ನಡೆಸೋಕೆ ಸರ್ಕಾರ ಇದೆಯಮ್ಮ. ನಿಮ್ಮಂಥೋರ ಹೊಟ್ಟೆ ಮೇಲೆ ಹೊಡೀಬೇಕೆ?”

“ಸರ್ಕಾರದ್ದೂ ನಾವ್ ಕಟ್ಟಿದ ಕಂದಾಯವೇ ಅಲ್ವರಾ? ಅದ್ನ ನೀವು ಕೇಳಿ ಈಸ್ಕಂಡ್ರಿ. ಇದ್ನ ನಾನಾಗಿ ಕೊಡ್ತೀನಿ. ಓದೋ ಐಕ್ಳು ಉಣ್ಲಿ.”

ಆಗಷ್ಟೇ ಮದುವೆಯಾಗಿದ್ದ ಸೋಮಮ್ಮ ದಾರಿಯಲ್ಲಿ ಕೇಳಿದಳು, “ನಂಗೇನವ್ವ?”

“ನಿಂಗೆ ಗಂಡನ ಮನೆ ಒಲ ಅದೆ. ಆ ಐಕ್ಳಿಗೆ ಏನದೆ?”

ಸೋಮಮ್ಮ ಆ ಸುಗ್ಗಿ ಮುಗಿಯುವವರೆಗೂ ತವರಿನ ಕಡೆ ತಲೆ ಹಾಕಲಿಲ್ಲ. ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿರಲಿಲ್ಲ.

*

“ಪಟೇಲ್ರನ್ನೇ ಕರ್ಕಂಡ್ ಬತ್ತೀನಿ, ತಡೀರಿ,” ಎಂದು ಹುಚ್ಚಯ್ಯ ಹಾರೆ ಬಿಸಾಡಿ ಊರ ಕಡೆ ಹೊರಟ.

ಸೋಮಮ್ಮ ಎದ್ದಳು. ಸೆರಗು ಬಿಗಿದು ಹಾರೆ ಎತ್ತಿಕೊಂಡಳು.

“ಎಂಗ್ಸು ಗುಂಡಿ ತೋಡಬಾರ್ದು ಕಣವ್ವ,” ಎಂದ ಚಟ್ಟದ ಬಳಿಯಿದ್ದ ಮುದುಕ ನೆಂಟ.

“ಎಂಗ್ಸು ಒಲ ಕೊಡಬೌದು, ಗುಂಡಿ ತೋಡಬಾರ್ದಾ?”

ಅವಳ ಹಾರೆ ನಾಲ್ಕು ಸಲ ಬಿದ್ದ ಮೇಲೆ ನೆಂಟರಿಬ್ಬರೂ ನಾಚಿ ಗುದ್ದಲಿ ಹಿಡಿದರು. ಮಳೆ ಬಿದ್ದ ನೆಲ ಬೇಗ ಬಿಟ್ಟುಕೊಟ್ಟಿತು. ಬೀರಮ್ಮನನ್ನು ಗಂಡನ ಪಕ್ಕದಲ್ಲಿ ಇಳಿಸಿ ಮಣ್ಣು ಮುಚ್ಚಿದರು.

ಹುಚ್ಚಯ್ಯ ನಾಟಿಗೆಂದು ಕಿತ್ತಿಟ್ಟಿದ್ದ ರಾಗಿ ಪೈರಿನ ಕಟ್ಟುಗಳು ಬದುವಿನಲ್ಲಿದ್ದವು. ಸೋಮಮ್ಮ ಒಂದು ಕಟ್ಟು ಬಿಚ್ಚಿ ಸಮಾಧಿಯ ಮೇಲೆ ಸಾಲು ಹಿಡಿದು ನೆಡತೊಡಗಿದಳು. ಅವಳ ಕಣ್ಣು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ.

ಪಟೇಲ ಚನ್ನಬಸವಣ್ಣನವರೊಡನೆ ಬಂದ ಹುಚ್ಚಯ್ಯ ಗುಡುಗಿದ, “ಅಗ್ಸಿ ತೆಗ್ಸಿ ಪಟೇಲ್ರೇ.”

“ಅಗೀಬೇಕಾದ್ರೆ ಮೊದ್ಲು ಪೈರು ಕೀಳ್ಬೇಕು ಚಿಕ್ಕಯ್ಯ,” ಸೋಮಮ್ಮ ತಲೆ ಎತ್ತಲಿಲ್ಲ. “ಅದು ಓದೋ ಐಕ್ಳ ಅನ್ನ. ಕೀಳು, ಪಟೇಲ್ರು ನೋಡ್ಲಿ.”

ಹುಚ್ಚಯ್ಯ ಬಗ್ಗಿ ಒಂದು ಪೈರು ಕಿತ್ತೇಬಿಟ್ಟ. ಚನ್ನಬಸವಣ್ಣ ಅವನ ಕೈಯಲ್ಲಿದ್ದ ಪೈರನ್ನೇ ನೋಡುತ್ತ ನಿಂತರು. ಹುಚ್ಚಯ್ಯ ಮಂಡಿಯೂರಿ ಕೂತ. ಬೆರಳಿನಿಂದ ಕುಳಿ ಮಾಡಿ ಪೈರನ್ನು ಅಲ್ಲೇ ಇಟ್ಟು, ಅತ್ತಿಗೆಯ ಎದೆಯ ಮೇಲಿನ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿದ.