ಖಾಲಿ ಕೋಣೆಯ ಅಳತೆ

ಹನ್ನೊಂದನೆಯ ಸಲವೂ ಹಾಡುವ ಹೆಂಗಸು ಅದೇ ಸಾಲಿಗೆ ಬಂದು 'ಸ' ಎಂದ ಕೂಡಲೇ ಅವನ ಹಲ್ಲು ಜುಮ್ಮೆಂದಿತು. ಸ್ಟೀಲ್ ತಟ್ಟೆಯ ಮೇಲೆ ಯಾರೋ ಚಮಚ ಎಳೆದ ಹಾಗಿತ್ತು. ಅವನು ರಿಮೋಟು ಒತ್ತಿ ಹಾಡನ್ನು ಅಲ್ಲಿಗೇ ನಿಲ್ಲಿಸಿದ. ಅಡುಗೆಮನೆಯಲ್ಲಿ ನಲ್ಲಿಯೂ ನಿಂತಿತು. ಅಂದರೆ ಅವಳೂ ಕೇಳಿಸಿಕೊಂಡಿದ್ದಾಳೆ.

"ಈಗ ಹೇಗಿದೆ?" ಎಂದು ಕೂತಲ್ಲಿಂದಲೇ ಕೇಳಿದ.

"ಏನು?"

"ಸೌಂಡು."

"ಚೆನ್ನಾಗಿದೆ," ಎಂದಳು ಹೆಂಡತಿ. ನಲ್ಲಿ ಮತ್ತೆ ಸುರಿಯತೊಡಗಿತು.

ಅವನು ತಂದ ತರಕಾರಿಯೂ ಚೆನ್ನಾಗಿರುತ್ತಿತ್ತು. ಅವನ ಹೊಸ ಅಂಗಿಯೂ ಚೆನ್ನಾಗಿತ್ತು. ಕಳೆದ ವರ್ಷ ಅವನು ಪತ್ರಿಕೆಯೊಂದಕ್ಕೆ ಬರೆದ ಲೇಖನವಂತೂ ಅವಳು ಓದುವ ಮೊದಲೇ ಚೆನ್ನಾಗಿತ್ತು. ಆ ಮಾತನ್ನು ಅವಳು ಬಾಗಿಲು ಮುಂದೆ ಮಾಡಿಕೊಂಡಷ್ಟು ಮೆತ್ತಗೆ ಹೇಳುತ್ತಿದ್ದಳು.

ರಿಸೀವರ್ ಬಂದು ಮೂರು ವಾರವಾಗಿತ್ತು. ಟಿವಿಯ ಕೆಳಗೆ ಕಪ್ಪಗೆ ಕೂತ ಆ ಪೆಟ್ಟಿಗೆಗೆ ಐದು ಸ್ಪೀಕರು, ನೆಲದ ಮೇಲೆ ಗುಡುಗಲಿಕ್ಕೆಂದೇ ಇನ್ನೊಂದು ದೊಡ್ಡ ಡಬ್ಬ. ಅವನು ಎಲ್ಲ ಮಾಡಿ ನೋಡಿದ್ದ. ವೈರು ಬದಲಿಸಿದ. ಸ್ಪೀಕರುಗಳ ಮುಖವನ್ನು ಮುನಿಸಿಕೊಂಡವರಂತೆ ಆಚೆ ತಿರುಗಿಸಿದ. ಟ್ರೆಬಲ್ ಇಳಿಸಿದರೆ ಹೆಂಗಸು ಕಂಬಳಿ ಹೊದ್ದು ಹಾಡುತ್ತಿದ್ದಳು, ಏರಿಸಿದರೆ ಸೂಜಿ ಹಿಡಿದು ಬರುತ್ತಿದ್ದಳು. ಅವನು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಶಬ್ದತರಂಗ ಕಲಿಸುವ ಭೌತಶಾಸ್ತ್ರದ ಮೇಷ್ಟ್ರು. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಎಲ್ಲ ಶುರುವಾದದ್ದು ಭಾವನ ಮನೆಯಲ್ಲಿ. ಭಾವ ಎಂದರೆ ಹೆಂಡತಿಯ ಅಕ್ಕನ ಗಂಡ. ಪರದೆ, ಸೋಫಾ ಬಟ್ಟೆಗಳ ಅಂಗಡಿ ಇಟ್ಟವನು, ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಎದುರಿಗಿದ್ದಾಗ ಅವನು ಭಾವನಿಗೆ ಬಹುವಚನ ಹಚ್ಚುತ್ತಿದ್ದ. ಮನಸ್ಸಿನೊಳಗೆ ಹತ್ತೊಂಬತ್ತು ವರ್ಷಗಳಿಂದಲೂ ಏಕವಚನವೇ.

ಎರಡು ತಿಂಗಳ ಹಿಂದೆ ಅಲ್ಲಿ ಊಟವಾದ ಮೇಲೆ ಭಾವ ಇದೇ ಹಾಡು ಹಾಕಿದ್ದ. ಹೆಂಡತಿ ಸೋಫಾದ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿದಳು. ಹಾಡು ಮುಗಿದರೂ ತೆರೆಯಲಿಲ್ಲ. ಮುಚ್ಚಿದ ಕಣ್ಣಲ್ಲೇ, "ಭಾವ, ಇನ್ನೊಂದ್ಸಲ ಹಾಕಿ," ಎಂದಳು.

ಇನ್ನೊಂದ್ಸಲ. ಅವನು ನೆನಪನ್ನು ಜಾಲಾಡಿ ನೋಡಿದ. ಮದುವೆಯಾದಾಗಿನಿಂದ ಅವಳು ಅವನಲ್ಲಿ ಯಾವುದನ್ನೂ ಇನ್ನೊಂದು ಸಲ ಕೇಳಿರಲಿಲ್ಲ. ಆ ಮುಖವನ್ನೂ ಅವನು ಕಂಡಿರಲಿಲ್ಲ. ತನ್ನ ಮನೆಯಲ್ಲೇ ಇದ್ದ ಒಂದು ಕೋಣೆಗೆ ಬೇರೆಯವರು ಕೀಲಿ ತಿರುಗಿಸಿ ಹೋಗಿಬಂದಂತೆ ಅವನಿಗೆ ಹೊಟ್ಟೆಯೊಳಗೆ ಉರಿಯಿತು. ಇದಕ್ಕೆ ಹೊಟ್ಟೆಕಿಚ್ಚು ಎಂಬ ಮಾತಿದೆ ಎಂದು ಗೊತ್ತಿದ್ದೂ ಅವನು ಅದನ್ನು ಕುತೂಹಲ ಎಂದು ಕರೆದುಕೊಂಡ. ಎಲ್ಲರೂ ಹಣ್ಣು ತಿನ್ನುತ್ತಿದ್ದಾಗ ಟಿವಿಯ ಹಿಂದೆ ಬಗ್ಗಿ ರಿಸೀವರಿನ ನಂಬರು ಬರೆದುಕೊಂಡ. ಸ್ಪೀಕರುಗಳದ್ದೂ. ಅದೇ ತಂದ, ಒಂದು ಅಕ್ಷರ ಆಚೀಚೆಯಾಗದಂತೆ. ಅವಳು ಈ ಮನೆಯಲ್ಲಿ, ಅವನ ಪಕ್ಕದಲ್ಲಿ, ಒಂದು ಹಾಡನ್ನು ಕೊನೆಯವರೆಗೆ ಕೇಳಿ ಆ ಎರಡು ಪದ ಹೇಳಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಅವಳು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಭಾವನಿಗೆ ಫೋನ್ ಮಾಡಿದ್ದೆ. ಮೂರು ಗಂಟೆಗೆ ಬರ್ತಾರೆ."

"ಯಾಕೆ?"

"ಸುಮ್ಮನೆ. ಒಂದ್ಸಲ ನೋಡ್ಲಿ ಅಂತ."

"ಚೆನ್ನಾಗಿದೆ ಅಂದ್ಯಲ್ಲ."

"ಚೆನ್ನಾಗೇ ಇದೆ. ಕಿವಿಗೆ ಸ್ವಲ್ಪ ಚುಚ್ಚುತ್ತೆ, ಅಷ್ಟೇ."

ಭಾವ ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದ. ಒಂದು ಕಂಕುಳಲ್ಲಿ ಬಟ್ಟೆಯ ದಪ್ಪ ಗಂಟು, ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಳು, ಭುಜಕ್ಕೆ ಡ್ರಿಲ್ಲಿನ ಚೀಲ.

"ಅಕ್ಕ ಬರ್ಲಿಲ್ವಾ?" ಎಂದು ಹೆಂಡತಿ ಕೇಳಿದಳು.

"ಮಂಡಿ ನೋವಂತೆ ಪುಟ್ಟಿ. ನಿಮ್ಮ ಮೆಟ್ಟಿಲು ನೆನೆಸಿಕೊಂಡೇ ಕೂತ್ಬಿಟ್ಲು."

ನಲವತ್ತಾರು ವರ್ಷದ ಹೆಂಗಸನ್ನು ಪುಟ್ಟಿ ಎನ್ನುವುದು. ಅವಳು ಲಂಗ ತೊಡುತ್ತಿದ್ದ ಕಾಲದಿಂದ ಹಾಗೆ ಕರೆಯುತ್ತಿದ್ದಾನೆ, ನಿಜ. ಆ ಕಾಲದಲ್ಲಿ ಅವಳು ಹೇಗಿದ್ದಳೆಂದು ಅವನಿಗೆ ಫೋಟೋದಲ್ಲಷ್ಟೇ ಗೊತ್ತು. ಭಾವನಿಗೆ ಫೋಟೋ ಬೇಕಾಗಿಲ್ಲ.

ಭಾವ ರಿಸೀವರಿನ ಕಡೆ ತಿರುಗಿಯೂ ನೋಡಲಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಗಾಜಿನ ಬಾಗಿಲು, ಬರಿಯ ಗೋಡೆ, ಹೊಳೆಯುವ ಟೈಲ್ಸು ಅದನ್ನು ಒಂದರಿಂದೊಂದಕ್ಕೆ ಎಸೆದಾಡಿದವು.

"ಕೇಳಿಸ್ತಾ ಮೇಷ್ಟ್ರೇ? ಗೋಡೆ ತಿರುಗಿ ಬೈತಾ ಇದೆ."

ಇದಕ್ಕೊಂದು ಸೂತ್ರವಿತ್ತು. ಅವನು ಅದನ್ನು ಪ್ರತಿ ವರ್ಷ ಐದು ಅಂಕದ ಪ್ರಶ್ನೆಯಾಗಿ ಕೇಳುತ್ತಿದ್ದ. ತನ್ನ ಮನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಬೇಕೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

"ಧೂಳು ಕೂರುತ್ತೆ ಅಂತ ನಾನೇ ಏನೂ ಹಾಕಿಸಿಲ್ಲ," ಎಂದ.

"ಗೊತ್ತು. ಈ ಮನೇಲಿ ಬಟ್ಟೆ ಅಂತ ಇದ್ರೆ ನೀವಿಬ್ರೂ ಉಟ್ಟಿರೋದೇ."

ಹೆಂಡತಿ ನಕ್ಕಳು. ಜೋರಾಗಿ ಅಲ್ಲ, ಆದರೆ ಅದು ತಡೆಯಲಾರದೆ ಬಂದ ನಗು ಎಂಬುದು ಅವನಿಗೆ ತಿಳಿಯಿತು. ಅವನೂ ತುಟಿ ಅಗಲಿಸಿದ.

ಭಾವ ಬಾಲ್ಕನಿಯ ಗಾಜಿನ ಬಾಗಿಲಿನ ಪಕ್ಕ ಸ್ಟೂಲಿಟ್ಟು ಹತ್ತಿದ. ಯಾರೂ ಹೇಳದಿದ್ದರೂ ಹೆಂಡತಿ ಹೋಗಿ ಎರಡೂ ಕೈಯಿಂದ ಸ್ಟೂಲನ್ನು ಹಿಡಿದುಕೊಂಡಳು. ತಾನು ಸ್ಟೂಲು ಹತ್ತಿದಾಗ ಅವಳು ಹಿಡಿದದ್ದು ಅವನಿಗೆ ನೆನಪಾಗಲಿಲ್ಲ. ತಾನು ಸ್ಟೂಲು ಹತ್ತಿದ್ದೂ ನೆನಪಾಗಲಿಲ್ಲ. ಡ್ರಿಲ್ಲು ಕಿರುಚಿತು. ಗೋಡೆಯ ಬಿಳಿಯ ಪುಡಿ ಅವಳ ಕೂದಲ ಮೇಲೆ, ಕೈಯ ಮೇಲೆ ಉದುರಿತು. ಅವಳು ಕೊಡವಿಕೊಳ್ಳಲಿಲ್ಲ. ಆಮೇಲೂ ಪೊರಕೆ ತರಲು ಓಡಲಿಲ್ಲ.

ಗಂಟು ಬಿಚ್ಚಿದಾಗ ಕೆನೆ ಬಣ್ಣದ ದಪ್ಪ ಪರದೆಗಳು ಹೊರಬಂದವು. ಭಾವ ಅವನ್ನು ಸರಳಿಗೆ ಪೋಣಿಸಿ ಇಳಿಬಿಟ್ಟ. ಅಂಚು ನೆಲದಿಂದ ಒಂದೇ ಒಂದು ಬೆರಳು ಮೇಲೆ ನಿಂತಿತು. ಅಗಲವೂ ಅಷ್ಟೇ ಕರಾರುವಾಕ್ಕು.

"ಅಳತೆ ಯಾವಾಗ ತಗೊಂಡ್ರಿ?" ಎಂದು ಅವನು ಕೇಳಿದ.

ಪರದೆಯ ಮೂಲೆಯಲ್ಲಿ ಪಿನ್ನು ಚುಚ್ಚಿದ ಚೀಟಿಯೊಂದಿತ್ತು. ಅವನು ಬಗ್ಗಿ ನೋಡಿದ. ಹಳದಿಗೆ ತಿರುಗಿದ ಕಾಗದ. ಅಂಕಿಗಳು ಹೆಂಡತಿಯ ಕೈಬರಹದವು.

"ನಾನೇ ಕೊಟ್ಟಿದ್ದೆ," ಎಂದಳು ಅವಳು. "ಆರು ವರ್ಷ ಆಯ್ತು. ನೀವು ಬೇಡ ಅಂದ್ರಲ್ಲ, ಆಗ ಬಿಟ್ವಿ."

"ಅಷ್ಟು ಹೊತ್ತಿಗೆ ಹೊಲಿದಾಗಿತ್ತು," ಎಂದ ಭಾವ. "ಅಂಗಡಿ ಅಟ್ಟದ ಮೇಲೆ ಇಟ್ಟಿದ್ದೆ."

"ಬೇರೆ ಯಾರಿಗಾದ್ರೂ ಮಾರಬಹುದಿತ್ತಲ್ಲ."

"ಈ ಅಳತೆ ಬಾಗಿಲು ಬೇರೆ ಯಾರ ಮನೇಲಿದೆ ಮೇಷ್ಟ್ರೇ?"

ಆರು ವರ್ಷ. ತನ್ನ ಮನೆಯ ಬಾಗಿಲಿನ ಎತ್ತರ, ಅಗಲ ಇನ್ನೊಬ್ಬನ ಅಟ್ಟದಲ್ಲಿ ಮಡಚಿ ಕೂತಿತ್ತು. ಇಬ್ಬರಿಗೂ ಗೊತ್ತಿತ್ತು. ಎಷ್ಟು ಹಬ್ಬ ಹರಿದಿನ, ಎಷ್ಟು ಊಟ ಉಪಚಾರಗಳಲ್ಲಿ ಇಬ್ಬರೂ ಅದನ್ನು ನೆನೆದು ಸುಮ್ಮನಿದ್ದರೋ. ಇದರಲ್ಲಿ ತಪ್ಪು ಹುಡುಕಲು ಅವನಿಗೆ ಏನೂ ಸಿಗಲಿಲ್ಲ. ತಪ್ಪಿದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಭಾವ ಹಾಡು ಹಾಕಿದ. ಕೋಣೆಯ ಗಲಗಲ ಕಡಿಮೆಯಾಗಿತ್ತು. ಆದರೆ ಅದೇ ಸಾಲು ಬಂತು, ಸೂಜಿಯೂ ಬಂತು. ಹೆಂಡತಿಯ ಕಣ್ಣು ಕಿರಿದಾಯಿತು. ಅವನೊಳಗೆ ಏನೋ ಒಂದು ಹಿಗ್ಗಿ ಕುಪ್ಪಳಿಸಿತು. ಭಾವನಿಗೂ ಆಗಲಿಲ್ಲ. ತನ್ನದೇ ಮನೆಯ ಕರ್ಕಶಕ್ಕೆ ತಾನು ಸಂತೋಷಪಡುತ್ತಿದ್ದೇನೆ ಎಂದು ಗೊತ್ತಾಗಿಯೂ ಆ ಸಂತೋಷ ಇಳಿಯಲಿಲ್ಲ.

"ಅಳತೆ ಮೈಕ್ ಕೊಡಿ," ಎಂದ ಭಾವ.

ಈ ಜಾತಿಯ ರಿಸೀವರಿನ ಜೊತೆ ಬೆಂಕಿಪೊಟ್ಟಣದಷ್ಟು ಸಣ್ಣ ಮೈಕು ಬರುತ್ತದೆ. ಕೇಳುವವನ ಕಿವಿ ಇರುವ ಜಾಗದಲ್ಲಿ ಅದನ್ನಿಟ್ಟರೆ ಯಂತ್ರ ಒಂದೊಂದೇ ಸ್ಪೀಕರಿನಿಂದ ಕೂಗಿ, ಕೂಗು ಹೇಗೆ ತಲುಪಿತೆಂದು ಮೈಕಿನಲ್ಲಿ ಕೇಳಿಸಿಕೊಂಡು, ಕೋಣೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಮೊದಲ ದಿನವೇ ಅವನು ಪುಸ್ತಕದಲ್ಲಿದ್ದಂತೆ ಚಾಚೂತಪ್ಪದೆ ಅಳತೆ ಮಾಡಿದ್ದ. ಡ್ರಾಯರಿನಿಂದ ಮೈಕು ತಂದುಕೊಟ್ಟ.

ಭಾವ ಅದನ್ನು ಬೆಳಕಿಗೆ ಹಿಡಿದ. ಮೈಕಿನ ತಲೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರು ಬ್ಯಾಂಡು ಹಾಕಿತ್ತು.

"ಇದೇನು?"

"ಧೂಳು ಹೋಗದಿರ್ಲಿ ಅಂತ."

"ಇದನ್ನ ಹಾಕಿಕೊಂಡೇ ಅಳತೆ ಮಾಡಿದ್ರಾ?"

ಅವನಿಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಕಿವಿ ಮುಚ್ಚಿದ ಮೈಕಿಗೆ 'ಸ'ದಂಥ ಸಣ್ಣ, ಚೂಪು ಸ್ವರಗಳು ಕೇಳಿಸಿಲ್ಲ. ಈ ಕೋಣೆ ಅವನ್ನು ನುಂಗುತ್ತಿದೆ ಎಂದುಕೊಂಡ ಯಂತ್ರ ಅವನ್ನೇ ಮೂರು ವಾರದಿಂದ ಕಿರುಚಿ ಹೇಳುತ್ತಿದೆ. ಮೊದಲ ವರ್ಷದ ಹುಡುಗರೂ ಇಂಥ ತಪ್ಪು ಮಾಡುವುದಿಲ್ಲ.

"ಇಲ್ಲ. ಅಳತೆ ಆದ್ಮೇಲೆ ಸುತ್ತಿದ್ದು."

"ಇಲ್ವಲ್ಲ, ಅವತ್ತು ನೀವು..." ಎಂದು ಶುರುಮಾಡಿದ ಹೆಂಡತಿ ಅವನ ಮುಖ ನೋಡಿದಳು. "ಹೌದು ಭಾವ. ಆಮೇಲೇ ಸುತ್ತಿದ್ರು. ನಾನೇ ನೋಡ್ದೆ."

ಒಂದು ಚೂರೂ ತಡವರಿಸಲಿಲ್ಲ. ಅವನ ಮಾನ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳು ಎಂಬುದು ತಿಳಿಯಿತು. ಈ ಕೆಲಸ ಅವಳಿಗೆ ರೂಢಿಯಿದೆ ಎಂದು ಅವನಿಗೆ ಅನ್ನಿಸಿತು. 'ಚೆನ್ನಾಗಿದೆ' ಎಂಬ ಎಲ್ಲ ಮಾತುಗಳೂ ಒಟ್ಟಿಗೆ ಬಂದು ಎದುರು ನಿಂತವು.

ಭಾವ ರಬ್ಬರು ಬ್ಯಾಂಡು ಬಿಚ್ಚಿ, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆ ದೊಡ್ಡತನ ಬೇರೆ.

"ಇರ್ಲಿ, ಪರದೆ ಬಂತಲ್ಲ, ಹೇಗೂ ಇನ್ನೊಂದ್ಸಲ ಅಳೀಬೇಕು," ಎಂದು ಅವನ ಕುರ್ಚಿಯ ಮೇಲೆ ಅವನದೇ ಭೌತಶಾಸ್ತ್ರದ ಪುಸ್ತಕಗಳನ್ನು ಪೇರಿಸಿ ಮೈಕನ್ನು ತುದಿಯಲ್ಲಿಟ್ಟ. ಸರಿಯಾಗಿ ಅವನ ಕಿವಿಯ ಎತ್ತರ. "ಫ್ಯಾನು, ಫ್ರಿಜ್ಜು ಎಲ್ಲ ಆಫ್ ಮಾಡಿ. ಒಳಗೆ ಯಾರೂ ಇರಬಾರ್ದು. ಉಸಿರಾಡಿದ್ರೂ ಗೊತ್ತಾಗುತ್ತೆ ಇದಕ್ಕೆ. ಮೇಷ್ಟ್ರೇ, ನೀವು ಬಟನ್ ಒತ್ತಿ ಅಡುಗೆಮನೆ ಕಡೆ ಹೋಗಿಬಿಡಿ. ನಾವು ಬಾಲ್ಕನೀಲಿರ್ತೀವಿ. ಐದು ನಿಮಿಷ ಪಿಟಿಕ್ ಅನ್ನಂಗಿಲ್ಲ."

'ನಾವು' ಎಂಬುದು ಹಾಗೆ ತಂತಾನೇ ಅವರಿಬ್ಬರು, ಅವನೊಬ್ಬ ಎಂದು ಒಡೆಯಿತು. ಹೆಂಡತಿ ಆಗಲೇ ಬಾಲ್ಕನಿಯಲ್ಲಿದ್ದಳು. ಭಾವ ಹಿಂದೆಯೇ ಹೋಗಿ ಗಾಜಿನ ಬಾಗಿಲು ಎಳೆದುಕೊಂಡ. ಪರದೆ ಪೂರ್ತಿ ಮುಚ್ಚಿತ್ತು. ಹಿಂದಿನಿಂದ ಇಳಿಬಿಸಿಲು ಬಿದ್ದು ಬಟ್ಟೆಯ ಮೇಲೆ ಎರಡು ನೆರಳು ಮೂಡಿದವು.

ಅವನು ಬಟನ್ ಒತ್ತಿದ. ಹೋಗಬೇಕೆಂದುಕೊಂಡ, ಹೋಗಲಿಲ್ಲ. ಎಡ ಸ್ಪೀಕರು ಎಲ್ಲೋ ಆಳದಿಂದ 'ಹೂಂ' ಎಂದು ಎದ್ದು ಏರುತ್ತ ಏರುತ್ತ ಕೂದಲೆಳೆಯಷ್ಟು ಸಣ್ಣಗಾಗಿ ಮಾಯವಾಯಿತು. ನೆರಳುಗಳು ಮಾತಾಡುತ್ತಿರಲಿಲ್ಲ. ಮಾತಾಡಬಾರದೆಂದೇ ಭಾವ ಹೇಳಿದ್ದ. ಆದರೂ ಹೀಗೆ, ಇಷ್ಟು ಸುಖವಾಗಿ ಸುಮ್ಮನಿರುವುದೆಂದರೇನು? ಅವನ ಎದುರು ಅವಳು ಸುಮ್ಮನಿದ್ದರೆ ಅದು ಒಂದು ಉತ್ತರವಾಗಿರುತ್ತಿತ್ತು. ಇಲ್ಲಿ ಬರಿಯ ಸುಮ್ಮನಿರುವಿಕೆ. ನೆರಳುಗಳ ನಡುವೆ ಎಷ್ಟು ಅಂತರವಿದೆಯೆಂದು ಅವನು ಲೆಕ್ಕಹಾಕಲು ನೋಡಿದ. ಬಿಸಿಲಿನ ಕೋನ ಗೊತ್ತಿಲ್ಲದೆ ಹಾಗೆ ಲೆಕ್ಕಹಾಕಲು ಬರುವುದಿಲ್ಲ.

ಯಂತ್ರ ತಟ್ಟನೆ ನಿಂತಿತು. ಟಿವಿಯ ಮೇಲೆ ಅಕ್ಷರಗಳು ಬಂದವು. ಕೋಣೆಯಲ್ಲಿ ಶಬ್ದವಿದೆ. ಶಬ್ದದ ಮೂಲವನ್ನು ಹೊರಹಾಕಿ ಮತ್ತೆ ಅಳೆಯಿರಿ.

"ಆಯ್ತಾ ರೀ?" ಎಂದಿತು ಪರದೆಯ ಆಚೆಯಿಂದ ಹೆಂಡತಿಯ ದನಿ.

"ಇಲ್ಲ. ಶಬ್ದ ಇದೆಯಂತೆ."

"ಫ್ಯಾನ್ ನಿಲ್ಲಿಸಿದ್ರಾ?" ಇದು ಭಾವ.

"ನಿಲ್ಸಿದೀನಿ."

"ಫ್ರಿಜ್ಜು?"

"ಅದೂ ಆಗಿದೆ."

"ಮತ್ತೆ, ಒಳಗೆ ಯಾರೂ ಇಲ್ಲ ತಾನೇ?"

ಅವನು ಕುರ್ಚಿಯನ್ನು ನೋಡಿದ. ಮೈಕು ಅವನ ಜಾಗದಲ್ಲಿ ನೆಟ್ಟಗೆ, ತಾಳ್ಮೆಯಿಂದ ಕೂತಿತ್ತು.

"ಯಾರೂ ಇಲ್ಲ," ಎಂದ. "ಇನ್ನೊಂದ್ಸಲ ನೋಡ್ತೀನಿ."

ಬಟನ್ ಒತ್ತಿ ಅವನು ಕುರ್ಚಿಯ ಹಿಂದೆ, ಗೋಡೆಯ ಪುಡಿ ಬಿದ್ದ ನೆಲದ ಮೇಲೆ, ಮೊಣಕಾಲು ಅಪ್ಪಿಕೊಂಡು ಕೂತ. ಬಾಯಿ ಮುಚ್ಚಿ ಉಸಿರು ಹಿಡಿದ. ಎಡ ಸ್ಪೀಕರು ಕೂಗಿ ಮುಗಿಸಿತು. ನಡುವಿನದು ಕೂಗಿತು. ಬಲಗಡೆಯದು ಕೂಗಿತು. ಯಂತ್ರ ಈ ಸಲ ನಿಲ್ಲಲಿಲ್ಲ. ಎದೆ ಬಿಗಿದು ಕಣ್ಣು ಮಂಜಾಗುತ್ತಿತ್ತು. ಪರದೆಯ ಮೇಲಿನ ಎರಡು ನೆರಳುಗಳು ಕದಡಿಕೊಂಡು ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ಕಾಣದಾಯಿತು. ಕೂಗು ಸುತ್ತಿಕೊಂಡು ಅವನ ಬೆನ್ನ ಹಿಂದಿನ ಸ್ಪೀಕರಿಗೆ ಬಂತು. ಅವನ ತಲೆಯ ಮೇಲಿಂದ ಹಾದು ಕುರ್ಚಿಗೆ ತಲುಪಿತು. ಟಿವಿಯ ಮೇಲೆ, ಕೋಣೆ ಖಾಲಿಯಿದೆಯೆಂದು ಒಪ್ಪಿಕೊಂಡ ಯಂತ್ರದ ಹಸಿರು ಗೆರೆ ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು.