ಲಕ್ಷ್ಮಿದೇವಿ ಮಂಗೋಲಿಯಾಕ್ಕೆ ಹೊರಟದ್ದು

ಬಿಳಿಚೋಡಿನ ಗಾದ್ರಪ್ಪನಿಗೆ ಮಂಗೋಲಿಯಾದಿಂದ ಕರೆ ಬಂದದ್ದು ಕುರಿಗಾರರ ಸಂಘದ ಮೂಲಕ. ನಾನಾ ದೇಶಗಳ ಕುರಿಗಾಹಿಗಳು ಅಲ್ಲಿ ಹತ್ತು ದಿನ ಸೇರುವವರಿದ್ದರು. ಅಲ್ಲಿಯವರ ಡೇರೆಗಳಲ್ಲೇ ಉಳಿದು ಅವರ ಕೆಲಸ ನೋಡುವುದು, ತಮ್ಮದನ್ನು ಹೇಳುವುದು. ಸಂಘದ ಕಾರ್ಯದರ್ಶಿ ನಾಗೇಂದ್ರಪ್ಪ, ಇರಲಿ ಎಂದು, ಗಾದ್ರಪ್ಪನ ಹೆಂಡತಿ ಲಕ್ಷ್ಮಿದೇವಿಯ ಹೆಸರನ್ನೂ ಬರೆಸಿ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದರು. ಹೋಗುವುದು ಮಾತ್ರ ಒಬ್ಬರೇ. ಗಾದ್ರಪ್ಪ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳೆಯ ದಂಡೆಯ ಸಾಸ್ವೆಹಳ್ಳಿವರೆಗೆ ನಡೆಯುತ್ತಿದ್ದವನು. ಅದರಾಚೆಯ ಊರು ಕಂಡವನಲ್ಲ.

ಹೋಗುವವರು ತಿಳಿದಿರಬೇಕಾದ ರೀತಿ ರಿವಾಜುಗಳನ್ನೆಲ್ಲ ಬರೆದ ಒಂದು ಇಂಗ್ಲಿಷ್ ಪುಸ್ತಿಕೆ ಮೊದಲೇ ಬಂದಿತ್ತು. ಅದನ್ನು ಓದಿ ಕಲಿಸುವ ಕೆಲಸ ಜಗಳೂರಿನ ಹೈಸ್ಕೂಲ್ ಟೀಚರ್ ನುಜಹತ್ ಪಾಲಿಗೆ ಬಂತು. ಪ್ರತಿ ಭಾನುವಾರ ಗಂಡ ಹೆಂಡತಿ ಬಸ್ಸು ಹತ್ತಿ ಅವಳ ಮನೆಗೆ ಬರತೊಡಗಿದರು. ಗಂಡ ಕೇಳಿಸಿಕೊಂಡದ್ದನ್ನು ಬಸ್‌ಸ್ಟ್ಯಾಂಡು ತಲುಪುವುದರೊಳಗೆ ಮರೆಯುತ್ತಾನೆಂದು ಲಕ್ಷ್ಮಿದೇವಿ ಜೊತೆಗೆ ಬರುತ್ತಿದ್ದಳು.

ಓದಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಎಂಬುದು ನುಜಹತ್‌ಗೆ ಮೊದಲ ವಾರವೇ ಗೊತ್ತಾಯಿತು. ಅವಳು ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ಸುತ್ತು ಬರೆದು, ಬಾಗಿಲಿಗೆಂದು ಒಂದು ಕಡೆ ಜಾಗ ಬಿಟ್ಟು, ನಡುವೆ ಒಲೆ ಇಟ್ಟಳು. ಅದೇ ಡೇರೆ. ಒಲೆಯಾಚೆ ಅವಳ ಅತ್ತೆ ಗುಲ್ಜಾರ್‌ಬೀ ಮನೆಯ ಹಿರಿಯಳಾಗಿ ಕೂತರು. ಗಾದ್ರಪ್ಪ ಹೊರಗಿನಿಂದ ಬರಬೇಕು. ಅಲ್ಲಿ ಬಾಗಿಲು ತಟ್ಟುವ ಪದ್ಧತಿಯಿಲ್ಲ, ನಾಯಿ ಹಿಡಿದುಕೊಳ್ಳಿ ಎಂದು ಕೂಗಬೇಕು ಎಂದಾಗ ಗುಲ್ಜಾರ್‌ಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹೊಸ್ತಿಲು ತುಳಿಯಬಾರದು, ಒಲೆಯ ಕಡೆ ಕಾಲು ಚಾಚಬಾರದು ಎಂಬುದಕ್ಕೆ ಲಕ್ಷ್ಮಿದೇವಿ, ಅದನ್ನು ನಮಗೂ ಹೇಳಿಕೊಡಬೇಕೇ ಎಂಬಂತೆ ತಲೆಯಾಡಿಸಿದಳು. ಕೊಟ್ಟದ್ದನ್ನು ಬಲಗೈಯಲ್ಲಿ ತೆಗೆದುಕೊಂಡು ಎಡಗೈಯನ್ನು ಮೊಣಕೈಗೆ ಆನಿಸಬೇಕು. ಬೇಡ ಎನ್ನಬಾರದು, ತುಟಿಗಾದರೂ ತಾಗಿಸಬೇಕು. ನುಜಹತ್ ಅಲ್ಲಿನವರಂತೆಯೇ ಹಾಲಿಗೆ ಉಪ್ಪು ಹಾಕಿ ಚಹಾ ಮಾಡಿದಳು. ಗಾದ್ರಪ್ಪ ಒಂದು ಗುಟುಕಿಗೇ ಎದ್ದು ತೆಂಗಿನ ಬುಡಕ್ಕೆ ಹೋಗಿ ಉಗುಳಿ ಬಂದ. ಲಕ್ಷ್ಮಿದೇವಿ ತನ್ನ ಲೋಟ ಮುಗಿಸಿ ಅವನದ್ದನ್ನೂ ಕುಡಿದಳು.

ನಾಲ್ಕನೆಯ ಭಾನುವಾರ ಮಾತುಕತೆಯ ಪಾಠ. ಆ ನಾಡಿನಲ್ಲಿ ಬಂದವರ ಯೋಗಕ್ಷೇಮಕ್ಕಿಂತ ಮೊದಲು ಅವರ ಕುರಿಗಳದ್ದನ್ನು ಕೇಳುತ್ತಾರೆ. ಗುಲ್ಜಾರ್‌ಬೀ ಕೇಳಿದರು, ಕುರಿಗಳೆಲ್ಲ ಮೈ ತುಂಬಿಕೊಂಡಾವಾ ಎಂದು. ಚೆನ್ನಾಗದಾವೆ ಎಂದ ಗಾದ್ರಪ್ಪ. ಆಟದ ಹುಮ್ಮಸ್ಸಿನಲ್ಲಿ ಅವರು ಪುಸ್ತಿಕೆಯಲ್ಲಿಲ್ಲದ್ದನ್ನೂ ಕೇಳತೊಡಗಿದರು. ಈ ಸಲ ಎಷ್ಟು ಈದವು? ಅವಳಿ ಎಷ್ಟು? ಗಾದ್ರಪ್ಪ ಹೆಂಡತಿಯ ಮುಖ ನೋಡಿದ.

"ತಾಯಿ ಮರೀನ ಹತ್ರ ಸೇರಿಸದಿದ್ರೆ ಏನ್ ಮಾಡ್ತೀರಿ?" ಎಂದರು ಗುಲ್ಜಾರ್‌ಬೀ.

ಅವನು ಮತ್ತೆ ಅತ್ತಲೇ ನೋಡಿದ. ಸುತ್ತಿನ ಹೊರಗೆ ಕೂತಿದ್ದ ಲಕ್ಷ್ಮಿದೇವಿ ಮೆಲ್ಲಗೆ ಹೇಳಿದಳು: "ಮರಿ ಮೈಗೆ ಉಪ್ಪುನೀರು ಸವರ್ತೀನ್ರೀ. ನೆಕ್ತಾ ನೆಕ್ತಾ ತಾಯಿಗೆ ವಾಸನೆ ಹತ್ತತೈತೆ. ಅದಕ್ಕೂ ಜಗ್ಗಲಿಲ್ಲಂದ್ರೆ ಪಕ್ಕದಾಗೆ ಕೂತ್ಕಂತೀನಿ. ಒಂದ್ ದಿನ ಆಗ್ಲಿ, ಎರಡ್ ದಿನ ಆಗ್ಲಿ."

ಮೂವತ್ತು ವರ್ಷ ಗಾದ್ರಪ್ಪ ಕುರಿ ಮೇಯಿಸಿದ್ದ, ಮಾರಿದ್ದ, ತೋಳ ಓಡಿಸಿದ್ದ. ಹಟ್ಟಿಯೊಳಗೆ ಕುರಿಗಳ ಬಾಣಂತನವೆಲ್ಲ ಅವಳದೇ ಆಗಿತ್ತು. ಅವನು ನುಜಹತ್ ಕಡೆ ತಿರುಗಿದ.

"ಟೀಚರಮ್ಮ, ನಾಗೇಂದ್ರಪ್ಪಾರಿಗೆ ಫೋನ್ ಹಚ್ಚಿ. ಇವಳನ್ನ ಕಳಿಸಾಕೆ ಆಗ್ತೈತಾ ಕೇಳ್ರಿ."

ಲಕ್ಷ್ಮಿದೇವಿ ಒಪ್ಪಲಿಲ್ಲ. ಮನೆಯಲ್ಲಿ, ನೆರೆಹೊರೆಯವರು ಏನೆಂದಾರು, ಎಳೆ ಮರಿಗಳಿಗೆ ಹಾಲು ಯಾರು ಕುಡಿಸುತ್ತಾರೆ ಎಂದು ಜಗಳ ತೆಗೆದಳು. ನಾನು ಕುಡಿಸ್ತೀನಿ ಎಂದ ಅವನು. ನಿಮಗೆ ಬರಲ್ಲ ಎಂದಳು. ಕಲಿಸು ಎಂದ.

ಹಾಗಾಗಿ ಆ ಮನೆಯಲ್ಲಿ ಎರಡು ಪಾಠ ಶುರುವಾದವು. ಭಾನುವಾರ ಅವಳು ಜಗಳೂರಿನಲ್ಲಿ ಕಲಿತಳು, ಉಳಿದ ದಿನ ಅವನಿಗೆ ಹಟ್ಟಿಯಲ್ಲಿ ಕಲಿಸಿದಳು. ಹಾಲಿನ ಬಿಸಿಯನ್ನು ಮುಂಗೈ ಮೇಲೆ ನೋಡುವುದು, ಮರಿಯ ಕತ್ತು ಮೇಲೆತ್ತದೆ ಕುಡಿಸುವುದು, ಉಬ್ಬಿದ ಹೊಟ್ಟೆಯನ್ನು ಬೆರಳಲ್ಲಿ ತಟ್ಟಿ ತಿಳಿಯುವುದು. ಅವನ ಒರಟು ಕೈಯಲ್ಲಿ ಸೀಸೆ ಎರಡು ಸಲ ಜಾರಿ ಒಡೆಯಿತು. ಅವಳು ನಗಲಿಲ್ಲ. ಸಂಘದವರು ಹೆಸರು ಬದಲಿಸಲು ಒಪ್ಪಿದರು. ಹೊರಡುವ ದಿನ ಗುಲ್ಜಾರ್‌ಬೀ ತಮ್ಮ ಉಣ್ಣೆಯ ಕಾಲುಚೀಲಗಳನ್ನು ತಂದುಕೊಟ್ಟರು.

ಮಂಗೋಲಿಯಾದಲ್ಲಿ ಅವಳಿಗೆ ಸಿಕ್ಕಿದ್ದು ವಯಸ್ಸಾದ ಹೆಂಗಸೊಬ್ಬಳ ಡೇರೆ. ಏಪ್ರಿಲ್ ತಿಂಗಳಲ್ಲೂ ಹೊರಗೆ ಹಿಮವಿತ್ತು. ಲಕ್ಷ್ಮಿದೇವಿ ನಾಯಿ ಹಿಡಿಯಿರಿ ಎಂದು ಕೂಗಿದಳು, ಹೊಸ್ತಿಲು ದಾಟಿದಳು, ಬಟ್ಟಲನ್ನು ಕಲಿತಂತೆಯೇ ತೆಗೆದುಕೊಂಡಳು. ಎಲ್ಲ ಸರಿಯಾಯಿತು ಎನ್ನುವಾಗ, ಏಳುವ ಗಡಿಬಿಡಿಯಲ್ಲಿ ಮುದುಕಿಯ ಕಾಲು ತುಳಿದುಬಿಟ್ಟಳು. ಯೋಚಿಸುವ ಮೊದಲೇ ಬಗ್ಗಿ ಆ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮುದುಕಿ ಗಾಬರಿಯಾದಳು. ಕಾಲು ತುಳಿದರೆ ಇಲ್ಲಿ ಕೈ ಹಿಡಿದು ಕುಲುಕುತ್ತಾರೆ ಎಂದು ದುಭಾಷಿ ಹುಡುಗಿ ತಿಳಿಸಿದಳು. ಮುದುಕಿಗೂ ಇವರ ರೀತಿ ವಿವರಿಸಿದಳು. ಅದನ್ನು ಕೇಳಿ ಮುದುಕಿ ಲಕ್ಷ್ಮಿದೇವಿಯ ಕೈ ಹಿಡಿದುಕೊಂಡಳು. ಕುಲುಕಿಯಾದ ಮೇಲೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಹಟ್ಟಿಗೆ ಕರೆದೊಯ್ದು, ಮರಿಯನ್ನು ಒದೆಯುತ್ತಿದ್ದ ಕುರಿಯೊಂದರ ಬಳಿ ಕೂತು ಅದನ್ನು ಒಲಿಸುವ ಹಾಡು ಹೇಳತೊಡಗಿದಳು. ಲಕ್ಷ್ಮಿದೇವಿ ಯಾರೂ ಹೇಳದೆಯೇ ಇನ್ನೊಂದು ಪಕ್ಕ ಕೂತಳು. ಮಧ್ಯಾಹ್ನದ ಹೊತ್ತಿಗೆ ಮರಿ ಹಾಲು ಕುಡಿಯಿತು.

ಹೊರಟ ಹದಿನೈದನೆಯ ದಿನ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಗಾದ್ರಪ್ಪ ಕಾದಿದ್ದ. ಅವಳು ಇಳಿದೊಡನೆ, ಹೇಗಿದ್ದೀ ಎಂದು ಕೇಳುವ ಮೊದಲೇ, "ಒಂದು ಮರಿ ಹೋತು. ಆ ಕುಂಟು ಕುರೀದು. ರಾತ್ರಿಯೆಲ್ಲ ತೊಡೆ ಮ್ಯಾಲೆ ಇಟ್ಕಂಡಿದ್ದೆ" ಎಂದ.

"ಅದು ನಾನಿದ್ದಿದ್ರೂ ಉಳೀತಿರಲಿಲ್ಲ ಬಿಡ್ರಿ," ಎಂದಳು ಲಕ್ಷ್ಮಿದೇವಿ.

ಬಿಳಿಚೋಡಿನ ಬಸ್ಸಿನಲ್ಲಿ ಕೂತ ಮೇಲೆ ಅವನು ಕಿಟಕಿ ನೋಡುತ್ತ ಕೇಳಿದ, ಅಲ್ಲಿಯವರು ತನ್ನ ವಿಷಯ ಏನಾದರೂ ವಿಚಾರಿಸಿದರೋ ಎಂದು.

"ಕೇಳಿದ್ರು. ಮನ್ಯಾಗೆ ಮರಿ ಸಾಕ್ತಾ ಅದಾರೆ ಅಂದೆ. ಅವರಿಗೆ ಭಾಳ ಖುಷಿ ಆತು."

ಅವನು ಅವಳ ಕಾಲ ಬಳಿಯಿದ್ದ ಭಾರದ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.