ಎರವಲು ತಂದ ದನಿ

ಆ ದಿನ ಬೆಳಿಗ್ಗೆ ಮಂಜು ಸ್ಲೇಟುಕಲ್ಲಿನ ಗುಡ್ಡೆಗಳಿಂದಿಳಿದು ನಮ್ಮ ಮೇಲ್ಕೇರಿ ಚಾಪೆಲ್ಲಿನ, ಅಂದರೆ ನಮ್ಮ ಪುಟ್ಟ ಚರ್ಚಿನ, ಹೊಸ್ತಿಲವರೆಗೂ ಬಂದು ಕೂತಿತ್ತು. ಆ ಮಂಜಿನೊಳಗಿಂದಲೇ ಟೆಗ್ವೆನ್ ಹತ್ತಿ ಬಂದಳು. ತನ್ನ ಅಪ್ಪನ ನಂತರ ಕೆಳಕೇರಿ ಚಾಪೆಲ್ಲಿನ ಹಾಡುಮೇಳ ನಡೆಸುತ್ತಿದ್ದವಳು ಅವಳೇ. ಬಂದದ್ದು ನನ್ನ ಗಂಡನನ್ನು ವಾಪಸು ಕೇಳಲು.

ಹೊರಗಿನವರು ನಗಬಹುದು. ವೇಲ್ಸಿನ ಗಣಿಯೂರುಗಳಲ್ಲಿ ನಾವು ಒಂದು ಬಟ್ಟಲು ಸಕ್ಕರೆ ತಂದಂತೆ ದನಿಯನ್ನೂ ಎರವಲು ತರುತ್ತಿದ್ದೆವು. ನಮ್ಮ ಮೇಳ ಹುಟ್ಟಿದ ವರ್ಷ ಹೆಂಗಸರಿದ್ದರು, ಮಂದ್ರಕ್ಕೆ ಗಣಿಯ ಗಂಡಸರಿದ್ದರು. ಗಂಡಸರ ಮೇಲುದನಿ, ಟೆನರ್, ಒಂದೂ ಇರಲಿಲ್ಲ. ಅದಿಲ್ಲದೆ ಶುಭ ಶುಕ್ರವಾರದ ದೊಡ್ಡ ಕೃತಿ ಎದ್ದು ನಿಲ್ಲದು. ಟೆಗ್ವೆನ್‌ಳ ಅಪ್ಪ ತಮ್ಮ ಮೇಳದ ಇಥೆಲ್‌ನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿಕೊಟ್ಟರು. ನಿಮಗೆ ಕಷ್ಟ ಬಂದಾಗ ಹಿಂದಕ್ಕೆ ಕೊಡುತ್ತೇವೆಂದು ನಮ್ಮ ಮೇಳ ನಡೆಸುವ ಮೈರಿಗ್ ಮಾತು ಕೊಟ್ಟರು. ಇಥೆಲ್ ನನ್ನನ್ನು ಮದುವೆಯಾಗಿ ಇಲ್ಲೇ ಉಳಿದ. ಮಾತೂ ಇಲ್ಲೇ ಉಳಿಯಿತು.

ಈಗ ಕೆಳಕೇರಿಯ ಕೊನೆಯ ಟೆನರ್ ಗಣಿಯ ಕಲ್ಲುಧೂಳಿಗೆ ಎದೆ ಕಟ್ಟಿ ಹಾಸಿಗೆ ಹಿಡಿದಿದ್ದ. ಎರಡೂ ಕಡೆ ಹಾಡು ಅದೇ ಶುಕ್ರವಾರ ಸಂಜೆ. ಮೈರಿಗ್‌ಗೆ ಅದು ಕೊನೆಯ ವರ್ಷ, ಕೈ ನಡುಗತೊಡಗಿತ್ತು. ಇಥೆಲ್‌ನ ಬಳಿ ಕಲಿತ ಟೆನರ್‌ಗಳು ನಮ್ಮಲ್ಲಿದ್ದರೂ ಒಂಟಿಯಾಗಿ ಹಾಡುವ ಎದೆ ಅವನೊಬ್ಬನಿಗೇ. ಆ ಒಂಟಿ ಹಾಡು ಕೇಳಿಯೇ ಮೇಳ ನಡೆಸುವ ಕೋಲು ಕೆಳಗಿಡಬೇಕೆಂಬ ಮೈರಿಗ್‌ರ ಆಸೆ ಊರಿಗೆಲ್ಲ ಗೊತ್ತಿತ್ತು.

"ಮಾತು ತಗೊಂಡೋರೇ ತೀರ್ಕೊಂಡ್ರಲ್ಲಮ್ಮ," ಎಂದರು ಅವರು.

"ಅಪ್ಪ ತೀರ್ಕೊಂಡ್ರು ಮಾಮ. ಸಾಲ ಗಟ್ಟಿಮುಟ್ಟಾಗಿದೆ," ಎಂದಳು ಟೆಗ್ವೆನ್. "ಅಗೋ, ನಿಮ್ಮ ಮುಂದಿನ ಬೆಂಚಲ್ಲಿ ಕೂತು ಬ್ರೆಡ್ಡು ತಿಂತಿದೆ."

"ನನ್ನನ್ನೂ ಒಂದ್ಮಾತು ಕೇಳಬಾರ್ದಾ?" ಎಂದ ಇಥೆಲ್.

"ಎರವಲು ತಂದ ಎತ್ತನ್ನ ಯಾರಾದ್ರೂ ಕೇಳ್ತಾರಾ? ಸುಮ್ನೆ ಮೇಯಿ," ಎಂದೆ ನಾನು.

ಮೈರಿಗ್ ನಗಲಿಲ್ಲ. ಆಗದು ಎಂದುಬಿಟ್ಟರು. ಟೆಗ್ವೆನ್ ಒತ್ತಾಯಿಸಲಿಲ್ಲ, ಅವರ ಕೈನಡುಕ ಹೇಗಿದೆಯೆಂದು ವಿಚಾರಿಸಿ ಇಳಿದುಹೋದಳು.

ಗುರುವಾರ ಅಭ್ಯಾಸ ಮುಗಿದ ಮೇಲೆ ಮೈರಿಗ್ ಕಿಟಕಿ ಮುಚ್ಚಲು ಹೋಗಿ ಅಲ್ಲೇ ನಿಂತರು. ಕೆಳಗಿನಿಂದ ಅದೇ ಕೃತಿ ತೇಲಿ ಬರುತ್ತಿತ್ತು. ಹೆಂಗಸರು ಹಾಡಿದರು, ಮಂದ್ರದವರು ಹಾಡಿದರು. ಟೆನರ್ ಬರಬೇಕಾದಲ್ಲಿ ಎಲ್ಲರೂ ನಿಂತರು. ಬಿಟ್ಟು ಮುಂದಕ್ಕೆ ಹಾರಲಿಲ್ಲ, ಬೇರೆ ದನಿ ತುಂಬಲೂ ಇಲ್ಲ. ತಡವಾಗಿ ಬರುವವನಿಗೆ ಊಟದ ಮೇಜಿನಲ್ಲಿ ತಟ್ಟೆ ಇಟ್ಟುಕೊಂಡಿರುವ ಹಾಗೆ, ಅಷ್ಟೂ ತಾಳವನ್ನು ಮೌನದಲ್ಲೇ ಎಣಿಸಿ ಮತ್ತೆ ಹಾಡಿದರು. ನನಗೆ ಅದೂ ಒಂದು ಪ್ರಾರ್ಥನೆಯಾಗಿಯೇ ಕೇಳಿಸಿತು.

ಮೈರಿಗ್ ಕಿಟಕಿ ಮುಚ್ಚಲಿಲ್ಲ.

"ನಾಳೆ ನಮ್ಮಲ್ಲಿ ಇಥೆಲ್‌ನ ಹಾಡನ್ನ ಆರ್ಗನ್ನೇ ನುಡಿಸ್ಲಿ," ಎಂದರು.

ಶುಕ್ರವಾರ ಸಂಜೆ ತಾವೇ ಇಥೆಲ್‌ನ ತೋಳು ಹಿಡಿದು ಇಳಿಜಾರು ಇಳಿದರು, ಹಿಂದೆ ನಾನು. ಕೆಳಕೇರಿಯಲ್ಲಿ ಖಾಲಿಯಿದ್ದ ಬೆಂಚಿನ ತುದಿಗೆ ಅವನನ್ನು ಕೂರಿಸಿ, ಕಾಲರು ಸರಿಮಾಡಿ, ಜೇಬಿನಿಂದ ಪೆಪ್ಪರ್‌ಮಿಂಟಿನ ಪೊಟ್ಟಣ ತೆಗೆದು ಟೆಗ್ವೆನ್‌ಳ ಅಂಗೈಯಲ್ಲಿಟ್ಟರು.

"ಎರಡನೇ ಭಾಗಕ್ಕೆ ಮುಂಚೆ ಒಂದು ಕೊಡು. ಇಲ್ದಿದ್ರೆ ಮೇಲಿನ ಸ್ವರದಲ್ಲಿ ಜಾರ್ತಾನೆ," ಎಂದು ಮೆಲ್ಲಗೆ ಹೇಳಿ, ಟೋಪಿ ಹಾಕಿಕೊಂಡು ಮೇಲ್ಕೇರಿಯ ದಾರಿ ಹಿಡಿದರು.